ಕಂಪನಿ ಕೆಲಸ ಸರಿ, ಪರ್ಮನೆಂಟಾ?

‘ನಿಮ್ ಹುಡ್ಗ ಏನ್ ಮಾಡ್ಕಂಡವ್ನಪ್ಪ?’

‘ಬಿಡದೀಲಿ ಕಂಪನಿ ಕೆಲ್ಸ.’

‘ಪರ್ಮನೆಂಟಾ?’

ಚನ್ನಪಟ್ಟಣದ ಕಲ್ಯಾಣ ಮಂಟಪವೊಂದರಲ್ಲಿ ಊಟಕ್ಕೆ ಕೂತಿದ್ದಾಗ ಪಕ್ಕದ ಎಲೆಯ ಹಿರಿಯರೊಬ್ಬರು ನಮ್ಮ ಚಿಕ್ಕಪ್ಪನನ್ನು ಕೇಳಿದ್ದು ಇಷ್ಟೇ. ಮೊದಲ ಪ್ರಶ್ನೆಗೆ ಚಿಕ್ಕಪ್ಪ ತಲೆಯೆತ್ತಿ ಉತ್ತರ ಕೊಟ್ಟರು. ಎರಡನೆಯದಕ್ಕೆ ‘ಮಾಡ್ತೀವಿ ಅಂದವ್ರೆ, ನೋಡ್ಬೇಕು’ ಎಂದು ಗೊಣಗಿ, ಸಾರು ಬಡಿಸುವವನನ್ನು ಕೂಗಿ ಕರೆದರು. ಹಿರಿಯರೂ ಮತ್ತೆ ಆ ಮಾತು ಎತ್ತಲಿಲ್ಲ. ಅವರಿಗೆ ಮದುವೆಗೆ ಬಂದ ಮೊಮ್ಮಗಳಿದ್ದಾಳೆ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಕೆಲಸದ ಬಗ್ಗೆ ನಾವು ವಿದ್ಯಾರ್ಥಿಗಳು ದಿನವಿಡೀ ಮಾತಾಡುತ್ತೇವೆ. ಯಾವ ಕಂಪನಿ ಬಂತು, ಎಷ್ಟು ಪ್ಯಾಕೇಜು, ಕಟ್ ಆಫ್ ಎಷ್ಟು. ಆದರೆ ಊಟದ ಪಂಕ್ತಿಯಲ್ಲಿ ಆ ಹಿರಿಯರು ಕೇಳಿದ ಎರಡನೆಯ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ಸರ್ಕಾರದ ಲೆಕ್ಕವೂ ಕೇಳುವುದು ಕಡಿಮೆ. ಕಾರ್ಮಿಕ ಬಲದ ಕುರಿತ ರಾಷ್ಟ್ರೀಯ ಸಮೀಕ್ಷೆಯಲ್ಲಿ ‘ಪ್ರಸ್ತುತ ವಾರದ ಸ್ಥಿತಿ’ ಎಂಬ ಅಳತೆಯೊಂದಿದೆ. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಅದರ ಪ್ರಕಾರ ನೀವು ಉದ್ಯೋಗಸ್ಥರು. ಮನೆಯ ಹುಳು ಸಾಕಣೆಗೆ ಸೊಪ್ಪು ಕೊಯ್ದು ಕೊಟ್ಟ ಮಗ, ಸಂಬಳವಿಲ್ಲದಿದ್ದರೂ, ಉದ್ಯೋಗಸ್ಥನೇ. ಇದು ತಪ್ಪು ಲೆಕ್ಕ ಎಂದು ನಾನು ಹೇಳುತ್ತಿಲ್ಲ. ಜಗತ್ತಿನ ಬಹುತೇಕ ದೇಶಗಳು ಹೀಗೇ ಎಣಿಸುತ್ತವೆ. ಆದರೆ ಕೆಲಸ ‘ಇದೆ’ ಎಂಬ ಒಂದೇ ಪದದೊಳಗೆ ಎಷ್ಟು ಬೇರೆ ಬೇರೆ ಬದುಕುಗಳು ತುಂಬಿಕೊಂಡಿವೆ ಎಂಬುದಕ್ಕೆ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಒಂದೇ ಜಿಲ್ಲೆಯಲ್ಲಿ ರೋಬೋ ವೆಲ್ಡಿಂಗ್ ಮಾಡುವ ಕಾರ್ಖಾನೆಯೂ ಇದೆ, ಬಿಸಿನೀರಿನಲ್ಲಿ ಕೈಯಾಡಿಸಿ ಎಳೆ ಹುಡುಕುವ ಒಲೆಯೂ ಇದೆ.

ಬಿಡದಿಯಿಂದಲೇ ಶುರುಮಾಡೋಣ. ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾದದ್ದು 1997ರಲ್ಲಿ. 1999ರ ಕೊನೆಗೆ ಕ್ವಾಲಿಸ್ ಗಾಡಿಗಳು ಹೊರಬರಲು ತೊಡಗಿದವು. ಆಮೇಲೆ ಬಿಡಿಭಾಗದ ಕಾರ್ಖಾನೆಗಳು ಬಂದವು, ಬಾಷ್ ಬಂತು, ತಂಪು ಪಾನೀಯದ ಘಟಕ ಬಂತು. ಅತ್ತ ಹಾರೋಹಳ್ಳಿಯಲ್ಲಿ ಇನ್ನೊಂದು ಕೈಗಾರಿಕಾ ಪ್ರದೇಶ ಬೆಳೆಯಿತು. ರಾಮನಗರ ಜಿಲ್ಲೆಯಾದದ್ದು 2007ರಲ್ಲಿ. ಅಂದರೆ ನಮ್ಮಲ್ಲಿ ಕಾರ್ಖಾನೆಗೆ ಜಿಲ್ಲೆಗಿಂತ ವಯಸ್ಸು ಹೆಚ್ಚು. (2025ರಲ್ಲಿ ರಾಜ್ಯ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹೆಸರು ಬದಲಾದ ಮೇಲೆ ಬೆಳಗಿನ ರೈಲಿನಲ್ಲಿ ಸೀಟು ಸಿಗುವುದೇನೂ ಸುಲಭವಾಗಿಲ್ಲ.) ಹಳ್ಳಿಯ ಹುಡುಗನೊಬ್ಬ ಐಟಿಐ ಮುಗಿಸಿ, ಕಂಪನಿ ಬಸ್ಸು ಹತ್ತಿ, ಎದೆಯ ಮೇಲೆ ಹೆಸರಿರುವ ಸಮವಸ್ತ್ರದಲ್ಲಿ ಊರಿಗೆ ವಾಪಸಾದಾಗ ಅದು ಬರೀ ಸಂಬಳವಾಗಿರಲಿಲ್ಲ. ಅಪ್ಪನ ಜಮೀನು ಎಷ್ಟೆಕರೆ ಎಂದು ಕೇಳದೆ ಅವನನ್ನೇ ಗುರುತಿಸಿ ಮಾತಾಡಿಸುವ ಹೊಸ ಗೌರವ ಅದು.

ಆ ಗೌರವಕ್ಕೆ ಇನ್ನೊಂದು ಮುಖವಿದೆ. 2023ರ ಫೆಬ್ರುವರಿಯಲ್ಲಿ ಪಕ್ಕದ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು, ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅವರಲ್ಲಿ ಬಹಳಷ್ಟು ಜನ ರೈತರು. ನಾವು ಮೊಬೈಲಿನಲ್ಲಿ ಆ ವಿಡಿಯೊ ನೋಡಿ ನಕ್ಕೆವು, ನಗುವ ವಿಷಯವಾಗಿರಲಿಲ್ಲ. ಹೊಲ ಗದ್ದೆ ಇದ್ದವನೇ ವರ ಎನ್ನುತ್ತಿದ್ದ ಸೀಮೆಯಲ್ಲಿ ಒಂದೇ ತಲೆಮಾರಿನೊಳಗೆ ಅಳತೆಗೋಲು ಬದಲಾಗಿದೆ. ಈಗ ಆ ಕೋಲಿನ ಮೇಲೆ ಇರುವ ಗೆರೆಗಳು ಮೂರು: ಸರ್ಕಾರಿ, ಪರ್ಮನೆಂಟು, ಉಳಿದದ್ದು.

‘ಉಳಿದದ್ದು’ ಎಂಬುದರೊಳಗೆ ಎಷ್ಟು ಪದರಗಳಿವೆ ಎಂಬುದು ಕಾರ್ಖಾನೆಯ ಗೇಟಿನ ಒಳಗೆ ಹೋದವರಿಗೇ ಗೊತ್ತು. ಅಪ್ರೆಂಟಿಸ್, ಟ್ರೇನಿ, ನಿಗದಿತ ಅವಧಿಯ ನೌಕರ, ಗುತ್ತಿಗೆ ಕಾರ್ಮಿಕ. ಒಂದೇ ಸಾಲಿನಲ್ಲಿ ನಿಂತು ಅದೇ ಬೋಲ್ಟನ್ನು ಅದೇ ಟಾರ್ಕಿಗೆ ಬಿಗಿಯುವ ಇಬ್ಬರು ಕಾನೂನಿನ ಕಣ್ಣಿಗೆ ಬೇರೆ ಬೇರೆ ಜಾತಿಯವರು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಆದವನು ಕಲಿಯುವವನು, ಕಾರ್ಮಿಕನಲ್ಲ. ಅವನಿಗೆ ಸಿಗುವುದು ವೇತನವಲ್ಲ, ಶಿಷ್ಯವೇತನ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂಬ ಕಡ್ಡಾಯವಿಲ್ಲ. ಇನ್ನು ಗುತ್ತಿಗೆಯವನಿಗೆ ಕೆಲಸ ಹೇಳುವವರು ಒಬ್ಬರು, ಸಂಬಳ ಕೊಡುವವರು ಇನ್ನೊಬ್ಬರು. ಯಾರಾದರೂ ‘ಎಲ್ಲಿ ಕೆಲಸ’ ಎಂದರೆ ಅವನು ಕಂಪನಿಯ ಹೆಸರು ಹೇಳುತ್ತಾನೆ. ಪಾಸ್‌ಬುಕ್‌ನಲ್ಲಿ ಬರುವುದು ಮಾತ್ರ ಯಾವುದೋ ಏಜೆನ್ಸಿಯ ಹೆಸರು. ಬಸ್ಸು, ಕ್ಯಾಂಟೀನು, ಹಬ್ಬದ ಉಡುಗೊರೆ, ಕೆಲವು ಕಡೆ ಸಮವಸ್ತ್ರದ ಬಣ್ಣ ಕೂಡ ಬೇರೆ. ಹಳ್ಳಿಯಲ್ಲಿ ಪಂಕ್ತಿಭೇದ ತಪ್ಪು ಎಂದು ಶಾಲೆಯಲ್ಲಿ ಪ್ರಬಂಧ ಬರೆದು ಬಂದ ನಾವು ಇಲ್ಲಿ ಅದನ್ನು ‘ಗ್ರೇಡ್’ ಎಂದು ಕರೆದು ಸುಮ್ಮನಾಗಿದ್ದೇವೆ.

ಎಲ್ಲ ಕಂಪನಿಗಳೂ ಮೋಸ ಮಾಡುತ್ತಿವೆ ಎಂದು ನಾನು ಬರೆಯುತ್ತಿಲ್ಲ. ಬಿಡದಿಯಲ್ಲೇ 2007ರಿಂದ ಟೊಯೊಟಾದ ತಾಂತ್ರಿಕ ತರಬೇತಿ ಸಂಸ್ಥೆಯಿದೆ. ಬಡ ಕುಟುಂಬಗಳ ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳನ್ನು ಕರೆದು, ವಸತಿ ಕೊಟ್ಟು ಮೂರು ವರ್ಷ ಕಲಿಸುತ್ತದೆ. ಅಲ್ಲಿ ಕಲಿತವರ ಕೈಕೆಲಸ ನೋಡಿದರೆ ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಾಚಿಕೆಯಾಗಬೇಕು. ಮಾರುಕಟ್ಟೆಯಲ್ಲಿ ಬೇಡಿಕೆ ಏರಿಳಿಯುವಾಗ ಆಳುಗಳ ಸಂಖ್ಯೆಯೂ ಏರಿಳಿಯಲಿ ಎಂದು ಕಂಪನಿ ಬಯಸುವುದರಲ್ಲಿ ಅದರದೇ ಆದ ತರ್ಕವಿದೆ. ನನ್ನ ತಕರಾರು ಒಂದೇ. ಆ ಏರಿಳಿತದ ಅಪಾಯವನ್ನು ಹೊರುವವನು ಅತಿ ಕಡಿಮೆ ಸಂಬಳದವನೇ ಏಕಾಗಿರಬೇಕು? ಅಪಾಯ ಹೆಚ್ಚಿದ್ದಲ್ಲಿ ಲಾಭ ಹೆಚ್ಚು ಎಂದು ನಮಗೆ ಮ್ಯಾನೇಜ್‌ಮೆಂಟ್ ವಿಷಯದಲ್ಲಿ ಪಾಠ ಮಾಡುತ್ತಾರಲ್ಲ, ಅದು ಇಲ್ಲಿಗೆ ಬಂದಾಗ ತಲೆಕೆಳಗಾಗುತ್ತದೆ.

ಅದೇ ಪಠ್ಯದಲ್ಲಿ ‘ಟ್ಯಾಕ್ಟ್ ಟೈಮ್’ ಎಂಬ ಲೆಕ್ಕವಿದೆ. ಲಭ್ಯವಿರುವ ಒಟ್ಟು ಸಮಯವನ್ನು ಗ್ರಾಹಕರ ಬೇಡಿಕೆಯಿಂದ ಭಾಗಿಸಬೇಕು. ಬಂದ ಉತ್ತರವೇ ಒಂದು ಗಾಡಿಗೂ ಮುಂದಿನ ಗಾಡಿಗೂ ನಡುವಿನ ಅಂತರ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ನಾನೂ ಬರೆದು ಅಂಕ ತೆಗೆದುಕೊಂಡಿದ್ದೇನೆ. ಆ ಸೂತ್ರದಲ್ಲಿ ಮೇಲೆ ಸಮಯವಿದೆ, ಕೆಳಗೆ ಬೇಡಿಕೆಯಿದೆ; ನಡುವೆ ನಿಂತವನ ಸೊಂಟ ಎಲ್ಲೂ ಇಲ್ಲ. 2020ರ ನವೆಂಬರಿನಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ನಡೆದ ಸಂಘರ್ಷ ಒಂದರ್ಥದಲ್ಲಿ ಈ ಸೂತ್ರದ ಮೇಲೇ ನಡೆದದ್ದು. ಕೆಲಸದ ಒತ್ತಡ ಮಿತಿಮೀರಿದೆ ಎಂಬುದು ನೌಕರರ ಸಂಘದ ದೂರು. ಅಶಿಸ್ತನ್ನು ಸಹಿಸಲಾಗದು ಎಂಬುದು ಆಡಳಿತ ಮಂಡಳಿಯ ನಿಲುವು. ಸಂಘದ ಪದಾಧಿಕಾರಿಯೊಬ್ಬರ ಅಮಾನತಿನಿಂದ ಧರಣಿ ಶುರುವಾಯಿತು, ಬೀಗಮುದ್ರೆ ಬಿತ್ತು. ಅದೇ ತಿಂಗಳು ರಾಜ್ಯ ಸರ್ಕಾರ ಮುಷ್ಕರ ಮತ್ತು ಬೀಗಮುದ್ರೆ ಎರಡನ್ನೂ ನಿಷೇಧಿಸಿ ಆದೇಶಿಸಿತು, ಆದರೂ ಮತ್ತೆ ಬೀಗಮುದ್ರೆ ಬಿತ್ತು. ಕಾರ್ಮಿಕರು ಪೂರ್ತಿಯಾಗಿ ಕೆಲಸಕ್ಕೆ ಮರಳುವ ಹೊತ್ತಿಗೆ 2021ರ ಮಾರ್ಚ್ ಬಂದಿತ್ತು. ಸರಿ ತಪ್ಪು ಯಾರದು ಎಂದು ತೀರ್ಪು ಕೊಡಲು ಇಪ್ಪತ್ತರ ನನಗೆ ಅರ್ಹತೆಯಿಲ್ಲ. ಒಂದನ್ನು ಮಾತ್ರ ಗಮನಿಸಬೇಕು: ಸುಮಾರು ನಾಲ್ಕು ತಿಂಗಳು ಆ ವಿಷಯವನ್ನು ಎತ್ತಿ ಹಿಡಿಯಲು ಸಾಧ್ಯವಾದದ್ದು ಪರ್ಮನೆಂಟು ನೌಕರರಿಗೆ, ಅವರಿಗೊಂದು ಸಂಘ ಇದ್ದುದರಿಂದ. ಅದೇ ಮಾತನ್ನು ಏಜೆನ್ಸಿಯ ಹುಡುಗನೊಬ್ಬ ಆಡಿದರೆ ಧರಣಿಯೂ ಬೇಡ, ಬೀಗಮುದ್ರೆಯೂ ಬೇಡ. ‘ನಾಳೆಯಿಂದ ಬರಬೇಡ’ ಎಂಬ ಒಂದು ಫೋನು ಸಾಕು.

ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಬಂದರೆ ಲೋಕವೇ ಬೇರೆ. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ಮಾರುಕಟ್ಟೆ. ಈಗ ಹರಾಜು ಮೊಬೈಲಿನಲ್ಲೇ ನಡೆಯುತ್ತದೆ. ಗೂಡು ತಂದ ರೈತ ಗೂಡಿನ ಪಕ್ಕದಲ್ಲೇ ಕೂತು ಪರದೆಯ ಮೇಲಿನ ಅಂಕಿ ನೋಡುತ್ತಿರುತ್ತಾನೆ. ಇಲ್ಲಿ ಶಿಫ್ಟು ಇಲ್ಲ, ಸೈರನ್ ಇಲ್ಲ. ಗಡಿಯಾರದ ಶಿಸ್ತು ಕಾರ್ಖಾನೆಯ ಜತೆಗೇ ಜನರ ಮೈಗೂಡಿತು ಎಂದು ಇಂಗ್ಲೆಂಡಿನ ಇತಿಹಾಸಕಾರ ಇ.ಪಿ. ಥಾಂಪ್ಸನ್ 1967ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದಿದ್ದರು. ನಮ್ಮ ರೇಷ್ಮೆ ಮನೆಗಳಲ್ಲಿ ಗಡಿಯಾರದ ಬದಲು ಹುಳುವೇ ಹೊತ್ತು ಗೊತ್ತುಮಾಡುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ತಿನ್ನುವುದಕ್ಕೆ ಲೆಕ್ಕವಿಲ್ಲ. ರಾತ್ರಿ ಎರಡಕ್ಕೂ ಎದ್ದು ಸೊಪ್ಪು ಹಾಕಬೇಕು. ಹಣ್ಣಾದ ದಿನ ಮನೆಮಂದಿಯೆಲ್ಲ ಚಂದ್ರಿಕೆಗೆ ಬಿಡಲು ಕೂರಬೇಕು. ಇದನ್ನು ಯಾರೂ ‘ಓವರ್‌ಟೈಮ್’ ಎನ್ನುವುದಿಲ್ಲ.

ಗೂಡು ಮಾರಾಟವಾದ ಮೇಲೆ ನೂಲು ಬಿಚ್ಚುವ ಕೆಲಸ. ಬೇಯಿಸಿದ ಗೂಡುಗಳು ತೇಲುವ ಬಿಸಿನೀರು, ಸತ್ತ ಹುಳುವಿನ ವಾಸನೆ, ಬೆರಳ ಸಂದುಗಳಲ್ಲಿ ಬಿಳಿಚಿದ ಚರ್ಮ. ಒಂದು ಕಿಲೋ ನೂಲಿಗೆ ಆರೇಳು ಕಿಲೋ ಗೂಡು ಬೇಕು. ತುಂಡಾದ ಎಳೆಯ ತುದಿಯನ್ನು ಕಣ್ಣಿಗಿಂತ ಮೊದಲು ಬೆರಳು ಹುಡುಕಿಕೊಡಬೇಕು. ಇಂಥ ಕೆಲಸಕ್ಕೆ ಒಂದು ಕಾಲದಲ್ಲಿ ಮಕ್ಕಳನ್ನು ಸಾಲಕ್ಕೆ ಕಟ್ಟಿ ತಂದು ಕೂರಿಸುತ್ತಿದ್ದರು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತ ಮಕ್ಕಳ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕವೂ ಇದೆ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಷ್ಟು ಹಳೆಯದು ಎಂಬುದನ್ನು ನೆನೆದರೆ, ಕಾಯ್ದೆಗೂ ಒಲೆಗೂ ನಡುವೆ ಎಷ್ಟು ದೂರವಿತ್ತು ಎಂಬುದು ತಿಳಿಯುತ್ತದೆ.

ಈಗ ಆಟೊಮ್ಯಾಟಿಕ್ ರೀಲಿಂಗ್ ಯಂತ್ರಗಳು ಬಂದಿವೆ. ದ್ವಿತಳಿ ಗೂಡು ಹಾಕಿದರೆ ಒಳ್ಳೆಯ ದರ್ಜೆಯ ನೂಲು ಬರುತ್ತದೆ, ಕೈಗಳು ಕಡಿಮೆ ಸಾಕು. ಬೆಂದ ಬೆರಳುಗಳ ಮಟ್ಟಿಗೆ ಇದು ಒಳ್ಳೆಯ ಸುದ್ದಿಯೇ. ಯಂತ್ರ ಬಂದರೆ ಕೆಲಸ ಹೋಗುತ್ತದೆ ಎಂದು ಎದೆ ಬಡಿದುಕೊಳ್ಳುವವರು ಒಂದು ಬೆಳಗ್ಗೆ ಚರಕದ ಮುಂದೆ ಕೂತು ನೋಡಲಿ. ಆದರೆ ಚರಕದಿಂದ ಎದ್ದ ಹೆಂಗಸು ಎಲ್ಲಿಗೆ ಹೋದಳು ಎಂದು ಯಾರೂ ಬರೆದಿಟ್ಟಿಲ್ಲ. ಇಪ್ಪತ್ತು ವರ್ಷ ಎಳೆ ಹಿಡಿದ ಅವಳ ಬೆರಳಿಗೆ ಸರ್ಟಿಫಿಕೇಟ್ ಇಲ್ಲ, ಆದ್ದರಿಂದ ಸರ್ಕಾರಿ ಕಾಗದದಲ್ಲಿ ಅವಳು ‘ಕೌಶಲರಹಿತ’. ನಾಲ್ಕು ವರ್ಷ ಕಾಲೇಜಿನಲ್ಲಿದ್ದು ಒಂದು ಬೇರಿಂಗನ್ನು ಕೈಯಾರೆ ಬಿಚ್ಚಿ ಹಾಕದ ನಾನು ‘ಕುಶಲ’.

ಚನ್ನಪಟ್ಟಣದಲ್ಲಿ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹಾಲೆ ಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಆಮೇಲೆ ಒಣಗಿದ ಗರಿಯಿಂದ ಒತ್ತಿದರೆ ಹೊಳಪು. ಒತ್ತಡ ಹೆಚ್ಚಾದರೆ ಬಣ್ಣ ಸುಡುತ್ತದೆ, ಕಡಿಮೆಯಾದರೆ ಹಿಡಿಯುವುದೇ ಇಲ್ಲ. ನಮ್ಮ ವರ್ಕ್‌ಶಾಪ್ ಲ್ಯಾಬಿನಲ್ಲಿ ಲೇತಿನ ಮೇಲೆ ಒಂದು ಸ್ಟೆಪ್ ಟರ್ನಿಂಗ್ ಮಾಡಲು ನಾವು ನಾಲ್ಕು ಜನ, ಒಬ್ಬ ಇನ್‌ಸ್ಟ್ರಕ್ಟರ್, ಒಂದು ವರ್ನಿಯರ್. ಇಲ್ಲಿ ಉಳಿಯ ಸದ್ದು ಕೇಳಿಯೇ ಅಳತೆ ಹೇಳುವವರಿದ್ದಾರೆ.

ಈ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿ ಎರಡು ದಶಕವಾಗುತ್ತ ಬಂತು. 2020ರಲ್ಲಿ ಕೇಂದ್ರ ಸರ್ಕಾರ ಆಮದು ಆಟಿಕೆಗಳ ಸುಂಕವನ್ನು ಶೇ 20ರಿಂದ 60ಕ್ಕೆ ಏರಿಸಿತು. ಅದೇ ವರ್ಷ ಪ್ರಧಾನಿ ಆಕಾಶವಾಣಿಯ ಭಾಷಣದಲ್ಲಿ ಚನ್ನಪಟ್ಟಣದ ಹೆಸರು ಹೇಳಿದರು. ಅಗ್ಗದ ಪ್ಲಾಸ್ಟಿಕ್ ಗೊಂಬೆಗಳ ಪೈಪೋಟಿ ತಗ್ಗುತ್ತದೆ ಎಂದು ಎಲ್ಲರೂ ಖುಷಿಪಟ್ಟರು. ಅಷ್ಟರಲ್ಲಿ 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ಹೊಸ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆಯ ಪಕ್ಕ ಕಾರು ನಿಲ್ಲಿಸಿ, ಕಾಫಿ ಕುಡಿದು, ಮಗುವಿಗೊಂದು ಕುದುರೆ ಕೊಳ್ಳುತ್ತಿದ್ದವರು ಈಗ ನೂರು ಕಿಲೋಮೀಟರ್ ವೇಗದಲ್ಲಿ ಊರನ್ನೇ ದಾಟಿಬಿಡುತ್ತಾರೆ. ಅಂಗಡಿಯಲ್ಲಿ ವ್ಯಾಪಾರ ಕುಗ್ಗಿದರೆ ಮೊದಲು ಕುಗ್ಗುವುದು ಡಜನ್ನಿಗೆ ಇಷ್ಟು ಎಂದು ಕೂಲಿ ಪಡೆಯುವ ಲೇತಿನವನ ವಾರದ ಲೆಕ್ಕ. ಅವನನ್ನು ಯಾರೂ ಕೆಲಸದಿಂದ ತೆಗೆದಿಲ್ಲ. ಆದ್ದರಿಂದ ಯಾವ ಲೆಕ್ಕದಲ್ಲೂ ಅವನು ನಿರುದ್ಯೋಗಿಯಲ್ಲ.

ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಆ ಹೆದ್ದಾರಿಯಲ್ಲಿ ಪ್ರವೇಶವಿಲ್ಲ. ವೇಗದ ರಸ್ತೆಯಲ್ಲಿ ಅಪಘಾತ ತಪ್ಪಿಸಲು ಅದು ಬೇಕಿತ್ತು, ಒಪ್ಪುತ್ತೇನೆ. ಆದರೂ ನಮ್ಮ ಹೊಲಗಳ ನಡುವೆ ಹಾದ ರಸ್ತೆಯಲ್ಲಿ ನಾವು ಕೆಲಸಕ್ಕೆ ಹೋಗುವ ವಾಹನಕ್ಕೇ ಜಾಗವಿಲ್ಲ.

ಕೆಲಸಕ್ಕೆ ಹೋಗುವುದೇ ಇಲ್ಲಿ ಅರ್ಧ ಕೆಲಸ. ಚನ್ನಪಟ್ಟಣ, ರಾಮನಗರದವರಿಗೆ ರೈಲಾದರೂ ಇದೆ. ಮಾಗಡಿಗೂ ಕನಕಪುರಕ್ಕೂ ಅದೂ ಇಲ್ಲ, ಬಸ್ಸೇ ಗತಿ. ಮಾಗಡಿಯ ಹುಡುಗರು ಪೀಣ್ಯಕ್ಕೋ ದಾಬಸ್‌ಪೇಟೆಗೋ ಹೋಗಿ ಬರುತ್ತಾರೆ. ಕೋಳಿ ಕೂಗುವ ಮೊದಲು ಎದ್ದು, ಬುತ್ತಿ ಕಟ್ಟಿಕೊಂಡು, ನಿಂತೇ ಪ್ರಯಾಣ. ಎಂಟು ಗಂಟೆ ದುಡಿಮೆಗೆ ನಾಲ್ಕು ಗಂಟೆ ದಾರಿ. ಆ ನಾಲ್ಕಕ್ಕೆ ಯಾರೂ ಸಂಬಳ ಕೊಡುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ನಮ್ಮ ಕಡೆ ಬಹಳ ಗಂಡಸರು ಗೇಲಿ ಮಾಡಿದರು. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಿಗೆ ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ಸಂಬಳದಲ್ಲಿ ಬಸ್ಸಿಗೆ ಹೋಗುತ್ತಿದ್ದ ಪಾಲು ಉಳಿದರೆ, ಇನ್ನೂ ಒಂದು ಸ್ಟಾಪು ಆಚೆಗಿನ, ಸ್ವಲ್ಪ ಹೆಚ್ಚು ಕೊಡುವ ಕಾರ್ಖಾನೆಗೆ ಹೋಗಬಹುದು. ಯಾವ ಕೆಲಸ ಹಿಡಿಯಬಹುದು ಎಂಬುದನ್ನು ಟಿಕೆಟ್ಟಿನ ಬೆಲೆ ತೀರ್ಮಾನಿಸುತ್ತಿತ್ತು ಎಂಬುದು ಉಚಿತವಾದ ಮೇಲೇ ನಮಗೆ ಕಂಡದ್ದು.

ನೀರಾವರಿ ಇಲ್ಲದ ಊರಿನವರು ಹೊರಗೆ ದುಡಿಯಲು ಹೋಗುವುದು ಹೊಸದೇನಲ್ಲ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ 1950ರ ದಶಕದಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಉಳಿದು ಅಧ್ಯಯನ ಮಾಡಿದ್ದರು. ಪುಸ್ತಕ ಬಂದದ್ದು 1962ರಲ್ಲಿ. ಅವರು ವಂಗಲ ಎಂದು ಕರೆದ ಹಳ್ಳಿಗೆ ನಾಲೆಯ ನೀರು ಬಂತು. ಜನ ಕಬ್ಬು ಬೆಳೆದರು, ಹಣ ಕಂಡರು, ಊರಿನ ಕಟ್ಟುಪಾಡು ಹೆಚ್ಚೇನೂ ಬದಲಾಗಲಿಲ್ಲ. ದಲೇನ ಎಂದು ಕರೆದ ಹಳ್ಳಿಗೆ ನೀರು ಬರಲಿಲ್ಲ. ಅಲ್ಲಿಯವರು ಮಂಡ್ಯಕ್ಕೆ ಹೋಗಿ ಕೆಲಸ ಹಿಡಿದರು, ವ್ಯಾಪಾರ ಮಾಡಿದರು; ಜತೆಗೆ ಊರೊಳಗಿನ ಹಳೆಯ ಸಂಬಂಧಗಳೂ ಸಡಿಲವಾದವು. ಬಂಡೆ, ಬೋರೆ, ರಾಗಿ, ಹಿಪ್ಪುನೇರಳೆಯ ನಮ್ಮ ತಾಲ್ಲೂಕುಗಳು ಹೆಚ್ಚಿನ ಮಟ್ಟಿಗೆ ದಲೇನಗಳೇ. ವ್ಯತ್ಯಾಸ ಒಂದಿದೆ. ಅಂದಿನ ದಲೇನದವನಿಗೆ ಮಂಡ್ಯದಲ್ಲಿ ಸಿಕ್ಕ ಕೆಲಸ ಹೊಸದಾದರೂ ನಿಲ್ಲುವಂಥದ್ದಾಗಿತ್ತು. ಇಂದು ಹೊರಗೆ ಹೋದವನಿಗೆ ಆ ಭರವಸೆಯಿಲ್ಲ. ಅದಕ್ಕೇ ಅವನು ಅಪ್ಪನ ಎರಡೆಕರೆಯನ್ನು ಪೂರ್ತಿ ಬಿಡುವುದೂ ಇಲ್ಲ. ಲೇಔಟಿಗೆ ಜಮೀನು ಕೇಳಿಕೊಂಡು ಬಂದವರಿಗೆ ಇದು ಹಟಮಾರಿತನದಂತೆ ಕಾಣುತ್ತದೆ. ಅದು ಅವನ ನಿರುದ್ಯೋಗ ವಿಮೆ.

ಗಾರ್ಮೆಂಟ್ಸಿನ ಹೆಣ್ಣುಮಕ್ಕಳಿಗೆ ಆ ವಿಮೆ ಪಿ.ಎಫ್. ಹಣ. ಉದ್ಯೋಗದಾತರ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದು 2016ರಲ್ಲಿ ಕೇಂದ್ರ ನಿಯಮ ಬದಲಿಸಿದಾಗ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಾವಿರಾರು ಹೆಣ್ಣುಮಕ್ಕಳು, ಯಾವ ದೊಡ್ಡ ನಾಯಕರ ಕರೆಗೂ ಕಾಯದೆ, ಬೀದಿಗಿಳಿದರು. ಎರಡನೇ ದಿನವೇ ನಿಯಮ ವಾಪಸಾಯಿತು. ಮೂವತ್ತೈದು ನಲವತ್ತಕ್ಕೆ ಕಣ್ಣು, ಬೆನ್ನು ಸೋತು ಕೆಲಸ ಬಿಡುವವರಿಗೆ 58 ಎಂಬುದು ಬೇರೆ ಯಾರದೋ ವಯಸ್ಸು. ಅದು ಕಡತ ಬರೆದವರಿಗೆ ಹೊಳೆಯಲಿಲ್ಲ, ಹೊಲಿಗೆ ಯಂತ್ರದ ಮುಂದೆ ಕೂತವರಿಗೆ ಹೊಳೆಯಿತು.

ಈಗ ಸ್ಥಳೀಯರಿಗೆ ಉದ್ಯೋಗ ಎಂಬ ವಿಷಯ. ಸರೋಜಿನಿ ಮಹಿಷಿ ಸಮಿತಿಯ ಕಾಲದಿಂದ, ಅಂದರೆ 1980ರ ದಶಕದಿಂದ, ಕನ್ನಡಿಗರಿಗೆ ಕೆಲಸದ ಪಾಲಿನ ಮಾತು ನಡೆಯುತ್ತಿದೆ. 2024ರ ಜುಲೈಯಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು; ಉದ್ಯಮಿಗಳು ವಿರೋಧಿಸಿದ ಮೇಲೆ ಎರಡೇ ದಿನದಲ್ಲಿ ತಡೆಹಿಡಿಯಿತು. ಆ ವಾರ ನಮ್ಮ ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಪಾಠಕ್ಕಿಂತ ಜಗಳವೇ ಹೆಚ್ಚು. ನಾನು ಮಸೂದೆಯ ಪರವೇ ವಾದಿಸಿದೆ. ಜಮೀನು ಹೋದದ್ದು ನಮ್ಮದು, ಕೆರೆ ಕೆಟ್ಟದ್ದು ನಮ್ಮದು. ಆದರೆ ಈಗ ಯೋಚಿಸಿದರೆ ನಮ್ಮ ಎರಡೂ ಗುಂಪಿನವರು ಒಂದು ಪ್ರಶ್ನೆ ಬಿಟ್ಟಿದ್ದೆವು. ಶೇ 70 ಯಾವ ಪದರದಲ್ಲಿ? ಸೆಕ್ಯುರಿಟಿ, ಹೌಸ್‌ಕೀಪಿಂಗ್, ಲೋಡಿಂಗ್, ಏಜೆನ್ಸಿಯ ಸಾಲುಗಳಲ್ಲಿ ನಮ್ಮವರನ್ನು ತುಂಬಿಸಿ ಶೇ 70 ತೋರಿಸುವುದು ಕಷ್ಟವೇನಲ್ಲ. ಭೂಮಿ ಕೊಟ್ಟ ಮನೆಯವನು ಅದೇ ಭೂಮಿಯ ಗೇಟಿನಲ್ಲಿ ಸಲ್ಯೂಟ್ ಹೊಡೆದು ನಿಂತರೆ ಲೆಕ್ಕದಲ್ಲಿ ಅವನೂ ಒಬ್ಬ ಸ್ಥಳೀಯ ಉದ್ಯೋಗಿ.

ಬಿ.ಇ. ಓದುವವರು ಇದು ನಮಗಲ್ಲ ಎಂದುಕೊಳ್ಳಬೇಡಿ. ಸರ್ವಿಸ್ ಅಗ್ರಿಮೆಂಟು, ತರಬೇತಿಯ ಹೆಸರಿನಲ್ಲಿ ತಿಂಗಳುಗಟ್ಟಲೆ ಕಾಯಿಸುವುದು, ಕ್ಲೈಂಟಿನ ಕಚೇರಿಯಲ್ಲಿ ಕೂತರೂ ಬೇರೆ ಯಾರದೋ ಪಟ್ಟಿಯಲ್ಲಿ ಇರುವುದು — ಬಿಡದಿಯ ಅದೇ ಪದರಗಳು ಟೈ ಕಟ್ಟಿಕೊಂಡು ನಮ್ಮ ಕಡೆಗೂ ಬಂದಿವೆ. ಕೆಲಸಗಳು ಆಪ್ತರಿಗಿಂತ ಹೆಚ್ಚಾಗಿ ದೂರದ ಪರಿಚಯಸ್ಥರ ಮೂಲಕ ಸಿಗುತ್ತವೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1970ರ ದಶಕದಲ್ಲೇ ತೋರಿಸಿದ್ದರು. ಇಂದಿರಾನಗರದ ಹುಡುಗನಿಗೆ ಅಂಥ ಪರಿಚಯ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೇ ಸಿಗುತ್ತದೆ. ನಮಗೆ ಊರು ತುಂಬ ಆಪ್ತರು, ಆಪ್ತರೆಲ್ಲರಿಗೂ ಗೊತ್ತಿರುವುದು ಅದೇ ನಾಲ್ಕು ಏಜೆನ್ಸಿ. ಹಿಂದಿನ ಬ್ಯಾಚಿನವರು ಯಾವ ಕಂಪನಿಗೆ ಸೇರಿದರು ಎಂಬುದನ್ನು ಕಾಲೇಜು ಬ್ಯಾನರ್ ಕಟ್ಟಿ ಹೇಳುತ್ತದೆ. ಯಾವ ಷರತ್ತಿನ ಮೇಲೆ ಸೇರಿದರು, ಎರಡು ವರ್ಷದ ಮೇಲೆ ಎಲ್ಲಿದ್ದಾರೆ ಎಂಬುದನ್ನೂ ಅದೇ ಬ್ಯಾನರಿನಲ್ಲಿ ಬರೆಸಲಿ ಎಂದು ನಾವು ಪ್ಲೇಸ್‌ಮೆಂಟ್ ವಿಭಾಗವನ್ನು ಕೇಳಬಹುದು. ಕೇಳಲು ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಹೊಸ ಸಂಗತಿ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೇಮಕಾತಿ ಪತ್ರ ಕಡ್ಡಾಯ. ನಿಗದಿತ ಅವಧಿಗೆ ಸೇರಿದವನಿಗೂ ಕಾಯಂ ನೌಕರನಿಗೆ ಸಿಗುವಂಥ ಸೌಲಭ್ಯ ಸಿಗಬೇಕು. ಗ್ರಾಚ್ಯುಟಿಗೆ ಅವನು ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ತುಂಬಿದರೆ ಸಾಕು. ಮುಷ್ಕರಕ್ಕೆ ಮೊದಲೇ ನೋಟಿಸ್ ಕೊಡಬೇಕೆಂಬ ಕಟ್ಟು ಎಲ್ಲ ಕೈಗಾರಿಕೆಗಳಿಗೂ ವಿಸ್ತರಿಸಿದ್ದು, ಸರ್ಕಾರದ ಅನುಮತಿಯಿಲ್ಲದೆ ಆಳುಗಳನ್ನು ತೆಗೆಯಬಹುದಾದ ಕಾರ್ಖಾನೆಯ ಮಿತಿಯನ್ನು 100ರಿಂದ 300 ಕಾರ್ಮಿಕರಿಗೆ ಏರಿಸಿದ್ದು ಕಾರ್ಮಿಕ ಸಂಘಗಳ ಕೋಪಕ್ಕೆ ಕಾರಣ. ಆ ಕೋಪ ನನಗೆ ನ್ಯಾಯವೆನಿಸುತ್ತದೆ. ಆದರೂ ನೇಮಕಾತಿ ಪತ್ರದ ಹಕ್ಕು ಸಣ್ಣದಲ್ಲ. ಇಷ್ಟು ದಿನ ನಮ್ಮ ಎಷ್ಟೋ ಹುಡುಗರ ಕೈಯಲ್ಲಿ ಇದ್ದದ್ದು ಒಂದು ಗೇಟ್ ಪಾಸ್ ಮಾತ್ರ.

ಆ ಮದುವೆಯ ನಂತರದ ಭಾನುವಾರ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿ, ಮಧ್ಯಾಹ್ನ ಎದ್ದಿದ್ದ. ‘ನಿಂಗೆ ಪತ್ರ ಕೊಟ್ಟವ್ರೇನಣ್ಣ?’ ಎಂದು ಕೇಳಿದೆ. ‘ಕೊಟ್ಟವ್ರೆ ಕಣೋ, ಸೈನೂ ಹಾಕಿಸ್ಕಂಡವ್ರೆ’ ಎಂದು ಬೀರುವಿನಲ್ಲಿ ಬಟ್ಟೆಗಳ ಕೆಳಗಿಟ್ಟಿದ್ದ ಪ್ಲಾಸ್ಟಿಕ್ ಕವರು ತೆಗೆದ. ಏಜೆನ್ಸಿಯ ಹೆಸರಿನ ಕಾಗದ, ಮೂರು ಪುಟ, ಪೂರ್ತಿ ಇಂಗ್ಲಿಷು. ಅವನು ಓದಿರಲಿಲ್ಲ, ಸೇರುವ ದಿನ ಸಾಲಿನಲ್ಲಿ ನಲವತ್ತು ಜನ ಇದ್ದರಂತೆ, ಪುಟ ತಿರುಗಿಸುತ್ತ ಸಹಿ ಎಲ್ಲಿ ಎಂದು ಬೆರಳು ತೋರಿಸುತ್ತಿದ್ದರಂತೆ. ನಾನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತ ಹೋದೆ. ಚಿಕ್ಕಪ್ಪ ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಸಂಬಳ ಸರಿಯಿತ್ತು, ಪಿ.ಎಫ್. ಇತ್ತು, ಇ.ಎಸ್.ಐ. ಇತ್ತು. ಎರಡನೇ ಪುಟದ ಕೊನೆಯಲ್ಲಿ ಅವಧಿ ಬರೆದಿತ್ತು: ಹನ್ನೊಂದು ತಿಂಗಳು.